‘30 ದಿನದಾಗ ಅಮೆರಿಕನ್ ಇಂಗ್ಲಿಷ್’: ಪೈಲಟ್ ಕ್ಲಾಸಿನ ಪೋಸ್ಟರ್ ಮ್ಯಾಲೆ ನಮ್ಮ ಬ್ಯಾಚಿನ ಚರ್ಚೆ

(ಗುರುರಾಜ ಒಂದು ಪೋಸ್ಟರ್ ಕಳಿಸಿದ್ದಾನೆ: ‘ಪೈಲಟ್ ಆಗುವ ಕನಸೇ? 30 ದಿನಗಳಲ್ಲಿ ಅಮೆರಿಕನ್ ಉಚ್ಚಾರಣೆ. ಲೆವೆಲ್ 6 ಗ್ಯಾರಂಟಿ.’)

ಗುರುರಾಜ: ಅಕ್ಕನ ಮಗ ಪಿಯುಸಿ ಸೈನ್ಸ್ ಮುಗಿಸ್ಯಾನ, ಪೈಲಟ್ ಆಗ್ತೀನಿ ಅಂತಾನ. ಎಸ್ಸೆಸ್ಸೆಲ್ಸಿ ತನಕಾ ಕನ್ನಡ ಮೀಡಿಯಂ. ಈ ಕ್ಲಾಸ್ ಧಾರವಾಡದಾಗ ಶುರು ಆಗೇದ. ಸೇರಸೂದೋ ಬ್ಯಾಡೋ? ವಿದ್ಯಾ, ಶಿವಾನಂದ, ನೀವಿಬ್ಬರೂ ಹೇಳ್ರಿ.

ವಿದ್ಯಾ: ರೊಕ್ಕ ಕೊಡಬ್ಯಾಡ. ಅಮೆರಿಕನ್ ಉಚ್ಚಾರಣೆ ಬೇಕು ಅಂತ ಯಾವ ನಿಯಮದಾಗೂ ಇಲ್ಲ. ಐಕಾವೊ (ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಇಟ್ಟ ಭಾಷಾ ಮಾಪಕದಾಗ 6 ಲೆವೆಲ್ ಅವ, ಕೆಲಸಕ್ಕ ಬೇಕಾದ್ದು ಲೆವೆಲ್ 4. ನೋಡೂದು ಆರು ಸಂಗತಿ: ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ಮಾತಿನ ಓಘ, ಕೇಳಿ ತಿಳಕೊಳ್ಳೂದು, ಸಂವಾದ. ಆರರೊಳಗ ಯಾವುದಕ್ಕ ಕಡಿಮಿ ಬಿತ್ತೋ ಅದೇ ಒಟ್ಟು ಲೆವೆಲ್. ಐದಕ್ಕ 5 ಬಂದು, ಕೇಳಿ ತಿಳಕೊಳ್ಳೂದಕ್ಕ 3 ಬಂದ್ರ ಅಂವ ಲೆವೆಲ್ 3. ಅಮೆರಿಕನ್ ಉಚ್ಚಾರಣೆ ಇದ್ರೂ ಅಲ್ಲಿ ಉಪಯೋಗ ಇಲ್ಲ. ಲೆವೆಲ್ 4 ಇದ್ದವರಿಗೆ 3 ವರ್ಷಕ್ಕೊಮ್ಮೆ ಮತ್ತ ಪರೀಕ್ಷೆ, 5 ಇದ್ರ 6 ವರ್ಷಕ್ಕ, 6 ಬಂದ್ರ ಮತ್ತ ಇಲ್ಲ.

ಮಹಾಂತೇಶ: ವಿದ್ಯಾ, ನಿನಗ ಬರ್ತೈತಿ ಅಂತ ಸಸಾರ ಮಾಡಬ್ಯಾಡ. ಕನ್ನಡ ಮೀಡಿಯಂ ಹುಡುಗರು ಇಂಗ್ಲಿಷಿಗೆ ಎಷ್ಟು ಅಂಜತಾರ ಅಂತ ಹಾವೇರಿಯಾಗ ದಿನಾ ಕಾಣತೈತಿ. 1996ರಾಗ ಹರಿಯಾಣದ ಚರ್ಖಿ ದಾದ್ರಿ ಅಪಘಾತ ನೆನಪೈತೇನು? ಎರಡು ವಿಮಾನ ಡಿಕ್ಕಿ, 349 ಮಂದಿ ಹೋದರು. ಕಜಕಿಸ್ತಾನದವರಿಗೆ ಇಂಗ್ಲಿಷ್ ಬರೂದಿಲ್ಲ ಅಂತ ಆಗ ಪೇಪರಿನಾಗ ಬಂದಿತ್ತು. ಪಟಪಟ ಇಂಗ್ಲಿಷ್ ಬರಲಿ, ರೊಕ್ಕ ಹೋದ್ರ ಹೋಗಲಿ.

ವಿದ್ಯಾ: ಮಹಾಂತೇಶ, ನೀ ಕೊಟ್ಟ ಉದಾಹರಣೆನೇ ನನ್ನ ಮಾತಿಗೆ ಪುಷ್ಟಿ ಕೊಡ್ತದ. ಆ ಕಜಕಿಸ್ತಾನದ ವಿಮಾನಕ್ಕ 15,000 ಅಡಿಯೊಳಗ ನಿಲ್ಲು ಅಂತ ಹೇಳಿದ್ರು, ಅದು ಅದಕ್ಕಿಂತ ಕೆಳಗ ಇಳೀತು. ದಿಲ್ಲಿ ಜೋಡಿ ಮಾತಾಡ್ತಿದ್ದಂವ ರೇಡಿಯೊ ಆಪರೇಟರ್, ವಿಮಾನ ನಡಸ್ತಿದ್ದವರು ಬ್ಯಾರೆ. ಅಲ್ಲಿ ಕೆಟ್ಟದ್ದು ಕೇಳಿ ತಿಳಕೊಂಡು ಒಬ್ಬರಿಗೊಬ್ಬರು ದಾಟಸೂ ಕೆಲಸ. ಉಚ್ಚಾರಣೆ ತಿದ್ದೂ ಕ್ಲಾಸಿನಾಗ ಅದನ್ನ ಕಲಸೂದಿಲ್ಲ.

ಶಿವಾನಂದ: ಪಟಪಟ ಅನ್ನೂದರ ಬಗ್ಗೆ ನಾ ಹೇಳತೀನಿ. ನಿಮಿಷಕ್ಕ 100 ಶಬ್ದಕ್ಕಿಂತ ಹೆಚ್ಚು ಮಾತಾಡಬಾರದು ಅಂತ ಐಕಾವೊ ನಿಯಮದಾಗ ಐತಿ. ಹೊಸ ಹುಡುಗರು ಮಾಡೂ ಮೊದಲನೇ ತಪ್ಪು ಅಂದ್ರ ಮೈಕಿನ ಬಟನ್ ಒತ್ತೂದೂ ಮಾತು ಶುರು ಮಾಡೂದೂ ಒಂದೇ ಕ್ಷಣಕ್ಕ. ಆವಾಗ ಮೊದಲನೇ ಶಬ್ದ ಕತ್ತರಿಸಿ ಹೋಗತೈತಿ. ಮೊದಲನೇ ಶಬ್ದ ಯಾವುದು? ಯಾರನ್ನ ಕರೀತಿ ಅನ್ನೂದು ಇಲ್ಲಾ ನಿನ್ನ ಕಾಲ್‌ಸೈನ್, ಅಂದ್ರ ರೇಡಿಯೊದಾಗ ನಿನ್ನ ವಿಮಾನದ ಹೆಸರು. ಟವರಿನಾಗ ಕುಂತವರಿಗೆ ಯಾರು ಕರದ್ರು ಅಂತನ ತಿಳಿಯಂಗಿಲ್ಲ. ಒತ್ತು, ಒಂದು ಉಸಿರು ತಡಿ, ಆಮ್ಯಾಲೆ ಮಾತಾಡು. ಒತ್ತೂಕಿಂತ ಮೊದಲ ಬ್ಯಾರೆ ಯಾರರ ಮಾತಾಡಾಕತ್ತಾರೇನು ಕೇಳು. ಇಬ್ಬರು ಕೂಡೇ ಒತ್ತಿದ್ರ ಬರೇ ಕಿರ್ ಅಂತ ಸಪ್ಪಳ, ಇಬ್ಬರ ಮಾತೂ ಹೋತು.

ಎರಡನೇದು ‘ರೋಜರ್’. ರೋಜರ್ ಅಂದ್ರ ನೀ ಹೇಳಿದ್ದು ಪೂರ್ತಿ ಕೇಳಿಸಿಕೊಂಡೆ ಅಂತ ಅಷ್ಟ. ಹೌದು ಅಂತನೂ ಅಲ್ಲ, ಮಾಡತೀನಿ ಅಂತನೂ ಅಲ್ಲ. ‘ಹೋಲ್ಡ್ ಶಾರ್ಟ್ ಆಫ್ ರನ್‌ವೇ ಟೂ ಸಿಕ್ಸ್’, ಅಂದ್ರ 26ನೇ ರನ್‌ವೇ ಹೊರಗ ನಿಲ್ಲು ಅಂತ ಹೇಳಿದ್ರ, ರೋಜರ್ ಅಂದು ಸುಮ್ಮನಾಗಾಕ ಬರಂಗಿಲ್ಲ. ‘ಹೋಲ್ಡಿಂಗ್ ಶಾರ್ಟ್ ರನ್‌ವೇ ಟೂ ಸಿಕ್ಸ್’ ಅಂತ ಕಾಲ್‌ಸೈನ್ ಸಮೇತ ವಾಪಸ್ ಹೇಳಲೇಬೇಕು. ರನ್‌ವೇ ಒಳಗ ಬರೂದು, ದಾಟೂದು, ಹೊರಗ ನಿಲ್ಲೂದು, ಟೇಕಾಫ್, ಲ್ಯಾಂಡಿಂಗ್, ಎತ್ತರ, ಹೆಡಿಂಗ್ (ಹೋಗೂ ದಿಕ್ಕು), ವೇಗ, ಕ್ಯೂಎನ್ಎಚ್ (ಎತ್ತರದ ಮೀಟರಿಗೆ ಹಾಕೂ ಗಾಳಿ ಒತ್ತಡದ ಅಂಕಿ), ಟ್ರಾನ್ಸ್‌ಪಾಂಡರ್ ಕೋಡ್ (ರಾಡಾರಿನಾಗ ವಿಮಾನ ಗುರುತಿಸೂ ಅಂಕಿ): ಇಷ್ಟನ್ನೂ ವಾಪಸ್ ಹೇಳಬೇಕು. ಈ ಸಿದ್ಧ ಶಬ್ದಗಳು ಬಾಯಿಗೆ ಕುಂತ್ರ ಕೆಲಸದ ಹೆಚ್ಚಿನ ಪಾಲು ಮುಗೀತು. ಅದಕ್ಕ ಕೋರ್ಸ್ ಬೇಕಾಗಿಲ್ಲ.

ಅನ್ವರ್: ಶಾಲೆಯೊಳಗ ಇಂಗ್ಲಿಷ್ ಕಲಸಾಂವ ನಾನು, ಉಚ್ಚಾರಣೆ ಬಗ್ಗೆ ಒಂದೆರಡು ಮಾತು. ಕನ್ನಡ ಮಾತಾಡವರಿಗೆ ಇಂಥಾ ಕಡೆ ಲಾಭನೂ ಐತಿ. ‘ಥ್ರೀ’ ಬಾಯಾಗ ಬರೂದಿಲ್ಲ ಅಂತ ಅಂಜಬ್ಯಾಡ್ರಿ, ರೇಡಿಯೊ ನಿಯಮದಾಗೇ ಅದು ‘ಟ್ರೀ’. ಸಾವಿರ ‘ಟೌಸಂಡ್’, ನಾಕು ‘ಫೋವರ್’. ಫೈವ್ ಮತ್ತ ನೈನ್ ಗದ್ದಲದಾಗ ಒಂದೇ ಥರ ಕೇಳತಾವಂತ ‘ಫೈಫ್’, ‘ನೈನರ್’. ನಮ್ಮ ಕಡೆಯವರು ತಿದ್ದಬೇಕಾದ್ದು ಬ್ಯಾರೆ ಐತಿ. ‘ಏಟ್’ ಅನ್ನೂದಕ್ಕ ‘ಯೇಟ್’ ಅಂತೀವಿ. ಲೆಫ್ಟು, ರೈಟು, ಸ್ಟಾರ್ಟು ಅಂತ ಕೊನಿಗೆ ಉಕಾರ ಹಚ್ಚತೀವಿ. ‘ವೆಸ್ಟ್’ ಅನ್ನುವಾಗ ತುಟಿ ದುಂಡಗ ಮಾಡೂದಿಲ್ಲ, ಹಲ್ಲು ತುಟಿಗೆ ತಾಗಿಸ್ತೀವಿ. ಎಲ್ಲಾಕ್ಕಿಂತ ದೊಡ್ಡದು, ಎಲ್ಲಾ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಒಂದೇ ಉಸಿರಿನಾಗ ಹೇಳಿಬಿಡತೀವಿ, ಕಾಲ್‌ಸೈನ್ ಎಲ್ಲಿ ಮುಗೀತು, ಅಂಕಿ ಎಲ್ಲಿ ಶುರು ಆತು ತಿಳಿಯಂಗಿಲ್ಲ. ಎರಡರ ನಡಕ ಸಣ್ಣದೊಂದು ಬಿಡುವು ಕೊಟ್ರ ಸಾಕು.

ಶಿವಾನಂದ: ಅಂಕಿ ವಿಷಯ ಸಣ್ಣದಲ್ಲ ಅನ್ವರ್. 1989 ಫೆಬ್ರುವರಿ 19, ಕ್ವಾಲಾಲಂಪುರದ ಹತ್ರ ಸರಕಿನ ಬೋಯಿಂಗ್ 747 ಗುಡ್ಡಕ್ಕ ಬಡೀತು, ಒಳಗಿದ್ದ ನಾಕೂ ಮಂದಿ ಹೋದರು. ಕಂಟ್ರೋಲರ್ ಅಂದಿದ್ದು ‘ಡಿಸೆಂಡ್ ಟೂ ಫೋರ್ ಜೀರೊ ಜೀರೊ’, 2,400 ಅಡಿ. ಪೈಲಟ್ ಮೊದಲಿನ ‘ಟೂ’ ಅಂಕಿ ಅಲ್ಲ, ಇಷ್ಟಕ್ಕ ಅನ್ನೂ ಅರ್ಥದ ‘ಟು’ ಅಂತ ತಿಳಕೊಂಡು 400 ಅಡಿಗೆ ಇಳಿದ. ‘ಟು ಆಲ್ಟಿಟ್ಯೂಡ್’ ಅಂತ ನಡಕ ಶಬ್ದ ಹಾಕಿ ಹೇಳಿದ್ರ ಈ ಗೊಂದಲ ಬರೂದಿಲ್ಲ.

ವಿದ್ಯಾ: ಅಂಕಿ ಮಾತು ಒಪ್ಪಿದೆ. ಆದ್ರ ಸಿದ್ಧ ಶಬ್ದ ಬಾಯಿಗೆ ಕುಂತ್ರ ಮುಗೀತು ಅನ್ನೂದನ್ನ ನಾ ಒಪ್ಪೂದಿಲ್ಲ ಶಿವಾನಂದ. ಎಲ್ಲಾ ಸುಸೂತ್ರ ಇದ್ದಾಗ ಅವು ಸಾಕು. ಏನರ ಕೆಟ್ಟಾಗ ಸಿದ್ಧ ಶಬ್ದ ಮುಗದ ಹೋಗ್ತಾವ. 1990 ಜನವರಿ 25, ಏವಿಯಾಂಕಾ 52 ಅನ್ನೂ ವಿಮಾನ, ಕೊಲಂಬಿಯಾದಿಂದ ನ್ಯೂಯಾರ್ಕಿಗೆ. ಹವಾ ಕೆಟ್ಟು ಒಟ್ಟು ಒಂದೂಕಾಲು ತಾಸು ಸುತ್ತು ಹೊಡಸಿದ್ರು. ಕೋಪೈಲಟ್ ಮೊದಲ ‘ಪ್ರಯಾರಿಟಿ’ ಅಂತ ಕೇಳಿದ. ಲ್ಯಾಂಡಿಂಗ್ ಒಮ್ಮೆ ತಪ್ಪಿದ ಮ್ಯಾಲೆ ಕ್ಯಾಪ್ಟನ್ ಸ್ಪ್ಯಾನಿಷಿನಾಗ ಅಂದ: ಎಮರ್ಜೆನ್ಸಿ ಅಂತ ಹೇಳು. ಅಂವ ರೇಡಿಯೊದಾಗ ಹೇಳಿದ್ದು ಹೆಡಿಂಗ್ ಒನ್ ಏಟ್ ಜೀರೊ, ಇನ್ನೊಮ್ಮೆ ಪ್ರಯತ್ನ ಮಾಡ್ತೀವಿ, ಇಂಧನ ಮುಗೀಲಿಕ್ಕೆ ಹತ್ತೇದ. ಎಮರ್ಜೆನ್ಸಿ, ಮೇಡೇ (ಜೀವಕ್ಕ ಅಪಾಯ ಅಂತ ಕೂಗೂ ಶಬ್ದ) ಎರಡೂ ಬಾಯಾಗ ಬರಲಿಲ್ಲ. ಹೆಡಿಂಗ್ ಜೋಡಿ ಸೇರಿಸಿ ಹೇಳಿದ್ದಕ್ಕ ಕಂಟ್ರೋಲರಿಗೆ ಅದು ತುರ್ತು ಅಂತ ಅನಸಲೇ ಇಲ್ಲ. ಎಂಜಿನ್ ಬಂದಾಗಿ ಬಿತ್ತು, 73 ಮಂದಿ ಹೋದರು.

ಇಂಧನ ಕಡಿಮಿ ಆದಾಗ ಹೇಳಲಿಕ್ಕೆ ಈಗ ಎರಡು ಮೆಟ್ಟಿಲು ಅವ. ‘ಮಿನಿಮಮ್ ಫ್ಯುಯೆಲ್’ ಅಂದ್ರ ಇಲ್ಲೇ ಇಳೀಬೇಕು, ಇನ್ನು ಬದಲಾವಣೆ ಮಾಡಿದ್ರ ಕಾಯ್ದಿಟ್ಟ ಇಂಧನಕ್ಕ ಕೈ ಹಚ್ಚಬೇಕಾಗ್ತದ. ಇಳಿಯೂ ಹೊತ್ತಿಗೆ ಆ ಕೊನೆಯ ಮೀಸಲಿಗಿಂತ ಕಡಿಮಿ ಉಳೀತದ ಅಂತ ಲೆಕ್ಕ ಬಂದ್ರ ‘ಮೇಡೇ ಮೇಡೇ ಮೇಡೇ ಫ್ಯುಯೆಲ್’. ಜೆಟ್‌ಗೆ ಆ ಮೀಸಲು 30 ನಿಮಿಷದ್ದು. ಆ ಹೊತ್ತಿನಾಗ ಸಭ್ಯತೆ, ಸಂಕೋಚ ಎರಡೂ ಬ್ಯಾಡ. ನಮ್ಮ ಹುಡುಗರು ದೊಡ್ಡವರ ಮುಂದ ದನಿ ಸಣ್ಣ ಮಾಡ್ತಾರಲ್ಲ, ಅದನ್ನ ಮೊದಲ ಬಿಡಿಸಬೇಕು.

ಶಿವಾನಂದ: ಈ ಮಾತಿಗೆ ನನ್ನ ಒಪ್ಪಿಗಿ ಐತಿ. ಆದ್ರ ಸಿದ್ಧ ಶಬ್ದ ಇದ್ದಲ್ಲಿ ಸ್ವಂತ ಇಂಗ್ಲಿಷ್ ಹಚ್ಚೂದೂ ಅಷ್ಟ ಅಪಾಯ. 1977ರಾಗ ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇ ಮ್ಯಾಲೆ 583 ಮಂದಿ ಸತ್ತಾಗ ಡಚ್ ಪೈಲಟ್ ಹೇಳಿದ್ದು ‘ವಿ ಆರ್ ನೌ ಅಟ್ ಟೇಕಾಫ್’. ಟವರಿನವರು ನಿಂತಾನ ಅಂತ ತಿಳಕೊಂಡ್ರು, ಅಂವ ಓಡಾಕ ಹತ್ತಿದ್ದ. ಅದಕ್ಕ ಈಗ ಟೇಕಾಫ್ ಅನ್ನೂ ಶಬ್ದ ಅನುಮತಿ ಕೊಡುವಾಗ ಇಲ್ಲಾ ರದ್ದು ಮಾಡುವಾಗ ಮಾತ್ರ, ಬಾಕಿ ಎಲ್ಲಾ ‘ಡಿಪಾರ್ಚರ್’.

ಮಹಾಂತೇಶ: ಹಂಗಾದ್ರ ಇಷ್ಟೆಲ್ಲಾ ತ್ರಾಸ ಯಾಕ? ಹುಬ್ಬಳ್ಳಿಯಾಗ ಟವರಿನವರೂ ಪೈಲಟ್ಟೂ ಇಬ್ಬರೂ ಕನ್ನಡದವರಿದ್ರ ಕನ್ನಡದಾಗ ಮಾತಾಡಿದ್ರ ತಪ್ಪೇನು?

ಶಿವಾನಂದ: ಅಲ್ಲೇ ಹಿಂದ ಬರೂ ಮೂರನೇ ವಿಮಾನದಾಗ ಕನ್ನಡ ಬರದಾಂವ ಇರತಾನ. ಅಂವ ಬಾಕಿಯವರ ಮಾತು ಕೇಳೇ ಯಾರು ಎಲ್ಲಿ ಅದಾರ ಅಂತ ಅಂದಾಜು ಮಾಡತಾನ. 1976 ಸೆಪ್ಟೆಂಬರ್ 10, ಆಗಿನ ಯುಗೊಸ್ಲಾವಿಯಾದ ಝಾಗ್ರೆಬ್ ಆಕಾಶದಾಗ ಕೊನೀ ಗಳಿಗ್ಯಾಗ ಕಂಟ್ರೋಲರ್ ತನ್ನ ದೇಶದ ವಿಮಾನಕ್ಕ ತನ್ನ ಭಾಷಾದಾಗ ಹೇಳಿದ. ಎದುರಿಗೆ ಬರೂ ಬ್ರಿಟಿಷ್ ವಿಮಾನದವರಿಗೆ ಅದು ತಿಳಿಯೂ ಹಂಗ ಇರಲಿಲ್ಲ. ಎರಡೂ ಡಿಕ್ಕಿ ಹೊಡದು 176 ಮಂದಿ ಹೋದರು. ನೆಲದ ಭಾಷೆ ಬಳಸಾಕ ನಿಯಮದಾಗ ಅವಕಾಶ ಐತಿ ಮಹಾಂತೇಶ, ಕೇಳಿದ್ರ ಇಂಗ್ಲಿಷಿನಾಗ ಹೇಳಲೇಬೇಕು ಅಂತನೂ ಐತಿ. ನನ್ನ ಪ್ರಕಾರ ಎಲ್ಲಾರ ಕಿವಿಗೂ ಬೀಳೂ ಭಾಷಾದಾಗನ ಮಾತಾಡೂದು ಸರಿ.

ಗುರುರಾಜ: ತಿಳೀತು. ಹಂಗಾದ್ರ ಅಂವ ಮನ್ಯಾಗ ಏನು ಮಾಡಬೇಕು? ಆರ್‌ಟಿಆರ್ ಅಂತ ಒಂದದಲ್ಲ, ಅದೇ ಈ ಲೆವೆಲ್ ಪರೀಕ್ಷೆ ಏನು?

ವಿದ್ಯಾ: ಎರಡೂ ಬ್ಯಾರೆ. ಆರ್‌ಟಿಆರ್ ಅಂದ್ರ ರೇಡಿಯೊ ಬಳಸಲಿಕ್ಕೆ ಲೈಸೆನ್ಸ್. ಮೊದಲ ಟೆಲಿಕಾಂ ಇಲಾಖೆ ಕಡೆ ಇತ್ತು, 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದ ಮ್ಯಾಲೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕೈಗೆ ಬಂತು. ಲೆವೆಲ್ ಪರೀಕ್ಷೆ ಬರೇ ಭಾಷೆಯದು. ಅದರಾಗ ಸಿದ್ಧ ಶಬ್ದ ಬಿಟ್ಟು ಸಾದಾ ಇಂಗ್ಲಿಷಿನಾಗ ಮಾತಾಡಸ್ತಾರ, ಕಂಠಪಾಠ ನಡೀಯೂದಿಲ್ಲ.

ಮನ್ಯಾಗ ದಿನಾ ಅರ್ಧಾ ತಾಸು ಸಾಕು. ಮೊಬೈಲಿನಾಗ ಯಾರರ ನಿಧಾನಕ್ಕ ಒಂದು ಕ್ಲಿಯರೆನ್ಸ್ (ಕಂಟ್ರೋಲರ್ ಕೊಡೂ ಅನುಮತಿ) ಓದಿ ರೆಕಾರ್ಡ್ ಮಾಡ್ಲಿ. ಅಂವ ಒಮ್ಮೆ ಕೇಳಿ, ಅಂಕಿ ಅಷ್ಟೇ ಗೀಚಿಕೊಂಡು, ಜೋರಾಗಿ ಒಪ್ಪಿಸಲಿ, ಆಮ್ಯಾಲೆ ತಾಳೆ ನೋಡ್ಲಿ. ಇನ್ನರ್ಧ ಹೊತ್ತು ಅಡಚಣಿ ವಿವರಸೂದು: ಹಕ್ಕಿ ಬಡೀತು, ಗಾಲಿ ಲೈಟ್ ಹತ್ತವಲ್ದು, ಪ್ರಯಾಣಿಕರಿಗೆ ಎದಿನೋವು, ಕ್ಯಾಬಿನ್ನಿನಾಗ ಹೊಗಿ, ರನ್‌ವೇ ಮ್ಯಾಲೆ ನಾಯಿ. ಪ್ರತಿಯೊಂದಕ್ಕೂ ಮೂರೇ ವಾಕ್ಯ: ಏನಾತು, ನಾ ಏನು ಮಾಡ್ತೀನಿ, ನನಗೇನು ಬೇಕು. ‘ಬರ್ಡ್ ಸ್ಟ್ರೈಕ್, ಲೆಫ್ಟ್ ಎಂಜಿನ್ ವೈಬ್ರೇಟಿಂಗ್. ರಿಟರ್ನಿಂಗ್ ಟು ಹುಬ್ಬಳ್ಳಿ. ರಿಕ್ವೆಸ್ಟ್ ಫೈರ್ ಸರ್ವೀಸ್.’ ಒಂದು ಶಬ್ದ ನೆನಪಾಗಲಿಲ್ಲಂದ್ರ ನಿಲ್ಲಬಾರದು, ಬ್ಯಾರೆ ಮಾತಿನಾಗ ಸುತ್ತಿ ಹೇಳಬೇಕು. ಲೆವೆಲ್ 4ಕ್ಕ ಆ ಸಾಮರ್ಥ್ಯನೇ ಕೇಳ್ತಾರ. ಕೇಳೂ ಅಭ್ಯಾಸಕ್ಕ ಫ್ರೆಂಚರು, ಅರಬರು, ಚೀನಾದವರು ಮಾತಾಡೂ ಇಂಗ್ಲಿಷ್ ಹುಡುಕಿ ಕೇಳ್ಲಿ, ಮುಂದ ಅವರ ಜೋಡಿನೇ ಮಾತಾಡೂದು.

ಮತ್ತ ಗುರು, ಯಾವ ಕ್ಲಾಸಿಗೂ ಫೀ ತುಂಬೂಕಿಂತ ಮೊದಲ ಡಿಜಿಸಿಎ ಪಟ್ಟಿಯೊಳಗಿನ ಡಾಕ್ಟರ್ ಕಡೆ ಕ್ಲಾಸ್ 2 ಮೆಡಿಕಲ್ (ಪೈಲಟ್ ಕಲಿಯವರ ಆರೋಗ್ಯ ತಪಾಸಣೆ) ಮಾಡಸು.

ಶಿವಾನಂದ: ಅವನಿಗೆ ಇದನ್ನ ಒಮ್ಮೆ ಅಷ್ಟ ಓದಿ ಕೇಳಸು: ‘ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ, ಡಿಸೆಂಡ್ ಟು ಆಲ್ಟಿಟ್ಯೂಡ್ ಫೋವರ್ ಟೌಸಂಡ್ ಫೀಟ್, ಕ್ಯೂಎನ್ಎಚ್ ವನ್ ಜೀರೊ ವನ್ ಟೂ, ರಿಪೋರ್ಟ್ ರನ್‌ವೇ ಇನ್ ಸೈಟ್.’ ಏನಂದ ಅಂತ ಇಲ್ಲೇ ಹಾಕು.

ಗುರುರಾಜ: ‘ಡಿಸೆಂಡಿಂಗ್ ಫೋರ್ ಥೌಸಂಡ್, ರೋಜರ್’ ಅಂದ.

ಶಿವಾನಂದ: ಎತ್ತರ ಸರಿ ಹಿಡದಾನ, ದನಿಗೆ ಅಂಜಿಲ್ಲ, ಛಲೋ ಆತು. ಆದ್ರ ‘ವಿಕ್ಟರ್ ಟ್ಯಾಂಗೊ…’ ಅನ್ನೂ ಕಾಲ್‌ಸೈನ್ ಇಲ್ಲ, ಕ್ಯೂಎನ್ಎಚ್ ಬಿಟ್ಟಾನ. ಕ್ಯೂಎನ್ಎಚ್ ಯಾಕ ಬಿಡಬಾರದು ಅಂತ ತಿಳಿಸಿ ಹೇಳು. 1012 ಅಂದಿದ್ದನ್ನ 1021 ಅಂತ ಕೇಳಿ ಆಲ್ಟಿಮೀಟರಿಗೆ (ಎತ್ತರ ತೋರಸೂ ಮೀಟರ್) ಹಾಕಿದ ಅಂತ ಇಟ್ಕೋ. ವ್ಯತ್ಯಾಸ 9, ಒಂದಕ್ಕ ಸುಮಾರು 27 ಅಡಿ. ಮೀಟರ್ 4,000 ತೋರಸ್ತಿರತೈತಿ, ವಿಮಾನ ಖರೇನ ಸುಮಾರು 240 ಅಡಿ ಕೆಳಗಿರತೈತಿ. ಅಂವ ವಾಪಸ್ ಹೇಳಿದ್ರ ಟವರಿನವರು ಅಲ್ಲೇ ಹಿಡದು ತಿದ್ದತಾರ. ಇನ್ನೊಮ್ಮೆ ಪೂರ್ತಿ ಹೇಳಿ ವಾಯ್ಸ್ ಮೆಸೇಜ್ ಕಳಸಲಿ, ರಾತ್ರಿ ಕೇಳತೀನಿ.