ಸಹಾಯ ಬೇಕು: ಎರಡು ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರ್

ಎಲ್ಲರಿಗೂ ನಮಸ್ಕಾರ. ನಮ್ದು ದಾವಣಗೆರೆ. ಅಪ್ಪಾಜಿಯ ಹಳೇ ಸ್ಟೀರಿಯೋ ಆಂಪ್ಲಿಫೈಯರ್, ಟಿವಿಗೆ ಹಾಕಿರೋ ಹೊಸ ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡು, ಎರಡಕ್ಕೂ ಇರೋದು ಒಂದೇ ಜೋಡಿ 8 ಓಮ್ ಸ್ಪೀಕರ್. ದಿನಾ ವೈರ್ ಬಿಚ್ಚಿ ಹಾಕಿ ತುದಿಯ ತಾಮ್ರದ ಎಳೆಗಳು ಒಂದೊಂದೇ ಮುರೀತಿವೆ. ಅದಕ್ಕೇ ಮನೇಲೇ ಸ್ವಿಚ್ ಬಾಕ್ಸ್ ಮಾಡಬೇಕು ಅಂತಿದೀನಿ.

ಹೊಸ ಬೋರ್ಡಿಂದು ಬ್ರಿಜ್ಡ್ ಔಟ್‌ಪುಟ್, ಅಂದ್ರೆ ಪ್ಲಸ್, ಮೈನಸ್ ಎರಡರಲ್ಲೂ ಸಿಗ್ನಲ್ ಇರುತ್ತೆ, ಅದರ ಮೈನಸ್ ಗ್ರೌಂಡ್ ಅಲ್ಲ. ಎರಡರ ಮೈನಸ್ಸೂ ಒಟ್ಟಿಗೆ ಸೇರಿಸಿದ್ರೆ ಬೋರ್ಡೇ ಸುಟ್ಟು ಹೋಗಬಹುದು. ಹಾಗಾಗಿ ಪ್ಲಸ್, ಮೈನಸ್ ಎರಡನ್ನೂ ಬದಲಿಸೋ ನಾಲ್ಕು ಪೋಲ್ ಸ್ವಿಚ್ (ಒಂದೇ ಸಲಕ್ಕೆ ನಾಲ್ಕು ವೈರ್ ಬದಲಿಸೋದು) ಬೇಕು, ನಡುವೆ ಆಫ್ ಇದ್ರೆ ಇನ್ನೂ ಒಳ್ಳೇದು. 50 ವ್ಯಾಟ್‌ಗೆ ಸುಮಾರು 2.5 ಆಂಪಿಯರ್ ಹರಿಯುತ್ತೆ, 10 ಆಂಪಿಯರಿಂದು ಹಾಕಿದ್ರೆ ನೆಮ್ಮದಿ.

ಇಂಥದ್ದು ಇಲ್ಲಿ ಅಥವಾ ಹುಬ್ಬಳ್ಳೀಲಿ ಸಿಗುತ್ತಾ, ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಬೇಕಾ? ರಿಲೇ (ಕರೆಂಟ್ ಕೊಟ್ರೆ ತಾನೇ ಬದಲಾಗೋ ಸ್ವಿಚ್) ಹಾಕಿ ಮಾಡಿದೋರಿದ್ರೆ ದಯವಿಟ್ಟು ಒಳಗಿನ ವೈರಿಂಗ್ ಫೋಟೋ ಹಾಕಿ.