ಮೊದಲ ಸೆಮಿಸ್ಟರ್‌ನಲ್ಲೇ ಕ್ಯಾಂಪಸ್ ಕೆಲಸವೇ? ನೆರವು ಕಚೇರಿಯ ಮೇಡಂ ಅವರಿಗೆ ಪ್ರಶ್ನೆಗಳು

ಗುಂಪಿನ ನಿರ್ವಾಹಕರು: ಅಮೆರಿಕದ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ನೆರವು ಕಚೇರಿಯಲ್ಲಿರುವ ನಮ್ಮ ಮೈಸೂರಿನ ಮೇಡಂ ಇಂದು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್‌ಗಳು ಬೇಡ.

ತುಮಕೂರಿನ ಅಪ್ಪ: ಮೇಡಂ, ಮಗ ಇಲ್ಲಿಯೇ ಹುಟ್ಟಿದವನು, ಅಮೆರಿಕದ ಪ್ರಜೆ. ಕಾಲೇಜಿನ ಪತ್ರದಲ್ಲಿ ವರ್ಕ್-ಸ್ಟಡಿ 2,500 ಡಾಲರ್ ಎಂದಿದೆ. ಅದನ್ನು ಶುಲ್ಕದಲ್ಲಿ ಕಳೆದು ಕಟ್ಟಬಹುದೇ? ಮೊದಲ ಸೆಮಿಸ್ಟರ್ ಓದಿಗೆ ಬಿಟ್ಟು ಜನವರಿಯಿಂದ ಕೆಲಸಕ್ಕೆ ಸೇರಿದರೆ ಹೇಗೆ?

ಮೇಡಂ: ಕಳೆಯುವಂತಿಲ್ಲ. ವರ್ಕ್-ಸ್ಟಡಿ ಎಂದರೆ ಸರ್ಕಾರದ ನೆರವಿನ ವಿದ್ಯಾರ್ಥಿ ಕೆಲಸ. ದುಡಿದರೆ ಇಷ್ಟರವರೆಗೆ ಸಿಕ್ಕೀತು ಎಂಬ ಮಿತಿ ಅದು, ಕೈಗೆ ಬಂದ ಹಣವಲ್ಲ. ಕೆಲಸವನ್ನೂ ಅವನೇ ಹುಡುಕಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿ. ಗಂಟೆಗೆ 15 ಡಾಲರ್ ಎಂದುಕೊಂಡರೆ 2,500ಕ್ಕೆ ಸುಮಾರು 167 ಗಂಟೆ ದುಡಿಯಬೇಕು. ಎರಡು ಸೆಮಿಸ್ಟರ್‌ಗಳ 30 ವಾರಕ್ಕೆ ಹಂಚಿದರೆ ವಾರಕ್ಕೆ ಐದೂವರೆ ಗಂಟೆ. ಜನವರಿಗೆ ತಳ್ಳಿದರೆ ಅದೇ ಮೊತ್ತಕ್ಕೆ ವಾರಕ್ಕೆ ಹನ್ನೊಂದು ಗಂಟೆ. ಹಾಗಾಗಿ ಹುಡುಕಾಟ ಆಗಸ್ಟ್‌ನಲ್ಲೇ ಆಗಲಿ. ಗ್ರಂಥಾಲಯದ ಕೌಂಟರಿನಂತಹ, ಜನ ಬರದಿದ್ದಾಗ ಪುಸ್ತಕ ತೆರೆಯಬಹುದಾದ ಕೆಲಸಗಳು ಮೊದಲು ಖಾಲಿಯಾಗುತ್ತವೆ. ಆರಂಭದಲ್ಲಿ ಆರು ಗಂಟೆ ಸಾಕು. ಅಕ್ಟೋಬರ್‌ನ ಮಿಡ್‌ಟರ್ಮ್ ಅಂಕ ನೋಡಿ ಏರಿಸಬೇಕೋ ಬೇಡವೋ ಎಂದು ಅವನು ನಿರ್ಧರಿಸಲಿ. ನೀವಲ್ಲ, ಅವನು.

ಧಾರವಾಡದವರು, ಹ್ಯೂಸ್ಟನ್: ನಾವು ಮಕ್ಕಳನ್ನು ಓದಲು ಕಳಿಸಿದ್ದೇವೆ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಲು ಅಲ್ಲ. ಮೊದಲ ವರ್ಷ ಕೆಲಸವೇ ಬೇಡ.

ಉಡುಪಿಯವರು, ಸಿಯಾಟಲ್: ತಟ್ಟೆ ತೊಳೆದರೆ ಕೈ ಸವೆಯುವುದಿಲ್ಲ ಸ್ವಾಮಿ. ನಮ್ಮ ಅಪ್ಪ ವಾರಾನ್ನ ಉಂಡು ಬಿ.ಎಸ್ಸಿ. ಮುಗಿಸಿದವರು.

ತುಮಕೂರಿನ ಅಪ್ಪ: ವಾರಾನ್ನ ಹಾಕುವ ಮನೆಗಳು ಎಲ್ಲ ಜಾತಿಯ ಹುಡುಗರಿಗೂ ಬಾಗಿಲು ತೆರೆದಿದ್ದವೇ? ನಮ್ಮ ಅಪ್ಪ ಸಿದ್ಧಗಂಗೆಯ ಮಠದಲ್ಲಿ ಉಂಡು ಓದಿದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಉಡುಪಿಯವರು, ಸಿಯಾಟಲ್: ನಾನು ಹೇಳಿದ್ದು ಅದಲ್ಲ.

ತುಮಕೂರಿನ ಅಪ್ಪ: ಕೇಳಿಸಿದ್ದು ಅದೇ.

ಬಳ್ಳಾರಿಯವರು: ಅಕ್ಕನ ಮಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುತ್ತಿದ್ದಾನೆ. ಅವನಿಗೆ ವರ್ಕ್-ಸ್ಟಡಿ ಉಂಟೇ?

ಮೇಡಂ: ಫೆಡರಲ್ ವರ್ಕ್-ಸ್ಟಡಿ ಇಲ್ಲ. ಅದು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಆದರೆ ಕ್ಯಾಂಪಸ್ಸಿನ ಸಾಮಾನ್ಯ ಕೆಲಸ ಮಾಡಬಹುದು. ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ.

ಹಾಸನದ ಚಿಕ್ಕಪ್ಪ: ಎಫ್-1ಗೆ ವರ್ಕ್-ಸ್ಟಡಿ ಸಿಗುತ್ತದೆಯೇ?

ಮೇಡಂ: ಇಲ್ಲ. ಮೇಲೆ ಓದಿ.

ಮಂಡ್ಯದ ಅತ್ತೆ: ಬೇಸಿಗೆ ರಜೆಯಲ್ಲಿ ಮಗಳು ಊರಿಗೆ ಹೋಗಿ ಬಂದರೆ ಕ್ಯಾಂಪಸ್ ಕೆಲಸ ಉಳಿಯುತ್ತದೆಯೇ?

ಶಿವಮೊಗ್ಗದ ಅಮ್ಮ: ಮೇಡಂ, ನಾವು ಹನ್ನೊಂದು ವರ್ಷದಿಂದ ಇಲ್ಲಿದ್ದೇವೆ. ಯಜಮಾನರದು ಎಚ್-1ಬಿ ಕೆಲಸದ ವೀಸಾ, ಮಗಳದು ಅವರ ಅವಲಂಬಿತರ ಎಚ್-4. ಅವಳಿಗೆ ಹದಿನೆಂಟು ತುಂಬಿತು, ಕಾಲೇಜು ಸೇರಿ ಮೂರು ವಾರವಾಯಿತು. ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಕಾಗದಪತ್ರ ಆಗುವವರೆಗೆ ಸುಮ್ಮನೆ ಬಂದು ಮಾಡುತ್ತಿರು, ಸಂಬಳ ಆಮೇಲೆ ಸೇರಿಸುತ್ತೇವೆ ಎಂದಿದ್ದಾರೆ. ಎರಡು ವಾರದಿಂದ ಹೋಗುತ್ತಿದ್ದಾಳೆ. ಐ-9 ಎಂಬ ಫಾರಂ ಕೊಟ್ಟಿದ್ದಾರಂತೆ. ವಾರಕ್ಕೆ ಎಷ್ಟು ಗಂಟೆ ಮಾಡಿದರೆ ಓದಿಗೆ ತೊಂದರೆಯಾಗದು?

ಮೇಡಂ: ಅಮ್ಮಾ, ಗಂಟೆಯ ಮಾತು ಆಮೇಲೆ. ಮೊದಲು ಮಗಳಿಗೆ ಕರೆ ಮಾಡಿ, ಕೆಲಸದ ಅನುಮತಿ ಇದೆ ಎಂದು ಘೋಷಿಸುವ ಆ ಫಾರಂ ಸಹಿ ಮಾಡಿ ಕೊಟ್ಟಿದ್ದಾಳೆಯೇ ಎಂದು ಕೇಳಿ. ಕೊಟ್ಟಿಲ್ಲವಾದರೆ ಕೊಡುವುದು ಬೇಡ, ನಾಳೆ ಲ್ಯಾಬಿಗೂ ಹೋಗುವುದು ಬೇಡ.

ಎಚ್-4 ಮಕ್ಕಳಿಗೆ ಈ ದೇಶದಲ್ಲಿ ಯಾವ ಕೆಲಸಕ್ಕೂ ಅನುಮತಿ ಇಲ್ಲ. ಕ್ಯಾಂಪಸ್ಸಿನೊಳಗೂ ಇಲ್ಲ. ಎಚ್-4ಕ್ಕೆ ಕೆಲಸದ ಕಾರ್ಡ್ ಸಿಗುತ್ತದೆ ಎಂದು ನೀವು ಕೇಳಿದ್ದರೆ ಅದು ಕೆಲವು ಎಚ್-1ಬಿ ನೌಕರರ ಪತಿ-ಪತ್ನಿಯರಿಗೆ ಮಾತ್ರ. ಜೊತೆಯಲ್ಲಿ ಓದುವ ಎಫ್-1 ಹುಡುಗ, ನಿನ್ನೆ ಬೆಂಗಳೂರಿನಿಂದ ಇಳಿದವನು, ಕ್ಯಾಂಪಸ್ಸಿನಲ್ಲಿ ದುಡಿಯಬಹುದು. ಇಲ್ಲಿಯೇ ಎರಡನೇ ತರಗತಿಯಿಂದ ಓದಿದ ನಿಮ್ಮ ಮಗಳು ದುಡಿಯುವಂತಿಲ್ಲ. ಅನ್ಯಾಯವೆನಿಸುತ್ತದೆ, ನನಗೂ ಅನಿಸುತ್ತದೆ. ಕಾನೂನು ಹಾಗಿದೆ.

‘ಸುಮ್ಮನೆ ಬಂದು ಮಾಡು’ ಎಂಬುದು ಇನ್ನೂ ಕೆಟ್ಟದ್ದು. ಸಂಬಳ ಕೊಡಬೇಕಾದ ಕೆಲಸವನ್ನು ಬಿಟ್ಟಿ ಮಾಡಿಸಿದರೆ ಅದು ಸ್ವಯಂಸೇವೆ ಆಗುವುದಿಲ್ಲ. ಆಮೇಲೆ ಸಂಬಳ ಸೇರಿಸುತ್ತೇವೆ ಎಂದ ಮೇಲಂತೂ ಅದು ಕೆಲಸವೇ. ಲ್ಯಾಬಿನವರಿಗೆ ಕೆಡುಕು ಮಾಡುವ ಮನಸ್ಸಿರಲಿಕ್ಕಿಲ್ಲ, ವೀಸಾ ವಿಷಯ ಅವರಿಗೆ ತಿಳಿದಿರುವುದಿಲ್ಲ ಅಷ್ಟೆ.

ಆ ಫಾರಂನಲ್ಲಿ ನಾಲ್ಕು ಚೌಕಗಳಿವೆ: ಪ್ರಜೆ, ಪ್ರಜೆಯಲ್ಲದ ‘ನ್ಯಾಷನಲ್’, ಗ್ರೀನ್ ಕಾರ್ಡಿನವರು, ಕೆಲಸದ ಅನುಮತಿ ಇರುವ ವಿದೇಶಿಯರು. ಮಕ್ಕಳು ಎಡವುವುದು ಎರಡನೆಯದರಲ್ಲಿ. ‘ಪ್ರಜೆಯಲ್ಲದ’ ಎಂದು ಓದಿದ ಕೂಡಲೇ ನಾನು ಅದೇ ಅಲ್ಲವೇ ಎಂದು ಗುರುತು ಹಾಕುತ್ತಾರೆ. ಅದು ಅಮೆರಿಕನ್ ಸಮೋವಾದಲ್ಲಿ ಹುಟ್ಟಿದಂತಹವರಿಗೆ ಇರುವ ಚೌಕ. ನನ್ನ ಮೇಜಿನ ಮುಂದೆಯೇ ಒಬ್ಬ ಹುಡುಗನ ಪೆನ್ನು ಆ ಚೌಕದ ಮೇಲೆ ಇಳಿಯುತ್ತಿತ್ತು, ಕೈ ಹಿಡಿದು ನಿಲ್ಲಿಸಿದ್ದೇನೆ. ಮೊದಲ ಚೌಕವಂತೂ ಉರಿಯುವ ಕೊಳ್ಳಿ. ಪ್ರಜೆಯೆಂದು ಸುಳ್ಳು ಹೇಳಿದ ದಾಖಲೆ ಉಳಿದರೆ ಮುಂದೆ ಗ್ರೀನ್ ಕಾರ್ಡಿನ ದಾರಿ ಜೀವಮಾನಕ್ಕೆ ಮುಚ್ಚಬಹುದು. ಸಹಿ ಮಾಡಿ ಕೊಟ್ಟಾಗಿದ್ದರೆ ಇಂದೇ ವಲಸೆ ವಕೀಲರನ್ನು ಕಾಣಿ. ಕೊಡದಿದ್ದರೂ ಆ ಎರಡು ವಾರದ ವಿಷಯಕ್ಕಾಗಿ ಕಾಣಿ.

ದುಡಿಯಲೇಬೇಕೆಂದಿದ್ದರೆ ಅವಳು ಎಫ್-1ಗೆ ಬದಲಾಗಬೇಕು. ಒಪ್ಪಿಗೆ ಬರಲು ತಿಂಗಳುಗಳು ಬೇಕು, ಬರುವವರೆಗೆ ಕೆಲಸವಿಲ್ಲ. ಇಪ್ಪತ್ತೊಂದು ತುಂಬಿದರೆ ಎಚ್-4 ಹೇಗೂ ಮುಗಿಯುತ್ತದೆ. ಆದರೆ ಕೆಲವು ರಾಜ್ಯಗಳಲ್ಲಿ ಎಫ್-1 ಆದರೆ ಸ್ಥಳೀಯರ ಶುಲ್ಕದ ರಿಯಾಯಿತಿ ಹೋಗುತ್ತದೆ. ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯಲ್ಲಿ ಅದನ್ನು ಕೇಳಿಕೊಂಡೇ ಹೆಜ್ಜೆ ಇಡಿ.

ಧಾರವಾಡದವರು, ಹ್ಯೂಸ್ಟನ್: ಅದಕ್ಕೇ ಹೇಳಿದೆ, ಮೊದಲ ವರ್ಷ ಕೆಲಸವೇ ಬೇಡ ಎಂದು.

ಉಡುಪಿಯವರು, ಸಿಯಾಟಲ್: ನೀವು ಹೇಳಿದ ಕಾರಣವೇ ಬೇರೆ. ತಟ್ಟೆಯ ಮರ್ಯಾದೆ ನಿಮ್ಮ ಚಿಂತೆಯಾಗಿತ್ತು.

ಹಾಸನದ ಚಿಕ್ಕಪ್ಪ: ಇದು ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ: ‘ಎಫ್-1 ಮಕ್ಕಳು ಕ್ಯಾಂಪಸ್ ಕೆಲಸಕ್ಕೆ ಕಾಯಬೇಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಗದು ಪಡೆದರೆ ದಾಖಲೆ ಇರುವುದಿಲ್ಲ. ವರ್ಕ್-ಸ್ಟಡಿ ಮಾಡಿದರೆ ಮುಂದಿನ ವರ್ಷದ ನೆರವು ಕಡಿತವಾಗುತ್ತದೆ. ಹತ್ತು ಜನರಿಗೆ ಕಳಿಸಿ.’

ಮೇಡಂ: ಒಬ್ಬರಿಗೂ ಕಳಿಸಬೇಡಿ. ನಗದಿಗೆ ದುಡಿದರೂ ಅದು ಅನಧಿಕೃತ ಕೆಲಸವೇ. ಎಫ್-1 ಹೋಗುತ್ತದೆ, ಆ ಹುಡುಗನನ್ನು ಕಾಯಲು ಸಂದೇಶ ಬರೆದ ಪುಣ್ಯಾತ್ಮ ಬರುವುದಿಲ್ಲ. ವರ್ಕ್-ಸ್ಟಡಿಯ ಮಾತೂ ಸುಳ್ಳು. ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿಯಲ್ಲಿ ವರ್ಕ್-ಸ್ಟಡಿ ಸಂಬಳವನ್ನು ಆದಾಯದ ಲೆಕ್ಕದಿಂದ ಬಿಡುತ್ತಾರೆ. ಬೇರೆ ಅಂಗಡಿಯಲ್ಲಿ ದುಡಿದದ್ದಕ್ಕೆ ಆ ಅನುಕೂಲ ಇಲ್ಲ.

ಹಾಸನದ ಚಿಕ್ಕಪ್ಪ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ.

ಮೇಡಂ: ಬಂದದ್ದನ್ನೆಲ್ಲ ಹಾಕಲು ಇದು ಅಂಚೆ ಡಬ್ಬಿಯಲ್ಲ. ಹಾಗೆಯೇ, ‘ಪ್ರೊಫೆಸರ್’ ಹೆಸರಿನಲ್ಲಿ ಇಮೇಲ್ ಬಂದು, ಚೆಕ್ ಕಳಿಸಿ, ಅದನ್ನು ಬ್ಯಾಂಕಿಗೆ ಹಾಕಿ ಗಿಫ್ಟ್ ಕಾರ್ಡ್ ಕೊಂಡು ಸಂಖ್ಯೆ ಕಳಿಸು ಎಂದರೆ ಅದು ಮೋಸ. ಚೆಕ್ ಕೆಲವು ದಿನ ಬಿಟ್ಟು ತಿರುಗಿ ಬರುತ್ತದೆ, ಹಣ ಮಗುವಿನದು ಹೋಗುತ್ತದೆ.

ಮಂಡ್ಯದ ಅತ್ತೆ: ನನ್ನ ಪ್ರಶ್ನೆ ಕಾಣಿಸಲಿಲ್ಲವೇನೋ. ರಜೆಗೆ ಊರಿಗೆ ಹೋದರೆ ಕೆಲಸ ಉಳಿಯುತ್ತದೆಯೇ?

ರಾಯಚೂರಿನವರು: ಎಫ್-1ಗೆ ವರ್ಕ್-ಸ್ಟಡಿ ಮಾಡಬಹುದೇ ಮೇಡಂ?

ಮೇಡಂ: ಇಲ್ಲ.

ರಾಯಚೂರಿನವರು: ಸ್ವಲ್ಪ ಸೌಜನ್ಯದಿಂದ ಹೇಳಬಹುದಿತ್ತು.

ಗುಂಪಿನ ನಿರ್ವಾಹಕರು: ಮೂರನೇ ಬಾರಿ ಕೇಳಿದ್ದೀರಿ ಎಲ್ಲರೂ ಸೇರಿ. ಓದಿ ಕೇಳಿ.

ಶಿವಮೊಗ್ಗದ ಅಮ್ಮ: ಮೇಡಂ, ಈಗ ಮಾತಾಡಿದೆ. ಫಾರಂ ಕೊಟ್ಟಿಲ್ಲವಂತೆ. ನಾಲ್ಕರಲ್ಲಿ ಯಾವುದೂ ನನಗೆ ಹೊಂದುತ್ತಿಲ್ಲ, ಅಪ್ಪನನ್ನು ಕೇಳೋಣ ಎಂದು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾಳೆ. ಅಳುತ್ತಿದ್ದಾಳೆ.

ಮೇಡಂ: ಅವಳಿಗೆ ಬುದ್ಧಿ ಇದೆ ಎಂದು ಹೇಳಿ. ನಾಳೆ ಬೆಳಿಗ್ಗೆ ವಕೀಲರ ಸಮಯ ಗೊತ್ತುಮಾಡಿ, ಲ್ಯಾಬಿನವರು ಬರೆದ ಇಮೇಲ್ ಒಂದನ್ನೂ ಅಳಿಸಬೇಡಿ. ಇವತ್ತಿಗೆ ಇಷ್ಟೇ, ನನಗೆ ಮೀಟಿಂಗ್ ಇದೆ.

ಮಂಡ್ಯದ ಅತ್ತೆ: ಮೇಡಂ, ರಜೆಗೆ ಊರಿಗೆ ಹೋದರೆ?