ಪದಚರ್ಚೆ: ಸೈಕಲ್ ಚೈನಿಗೆ ಹತ್ತುವುದು ಧೂಳೋ, ಉಸುಕೋ, ಮಸಿಯೋ?

ಪ್ರಶ್ನೆ (ಕೊಪ್ಪಳದಿಂದ)

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಸೈಕಲ್ ರಿಪೇರಿಯ ಸಣ್ಣ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ತರುತ್ತಿದ್ದೇವೆ. ಮೂಲದಲ್ಲಿ ‘ಡಸ್ಟ್’, ‘ಗ್ರಿಟ್’, ‘ಗ್ರೈಮ್’ ಎಂದು ಮೂರು ಮಾತಿವೆ. ನಮ್ಮ ಕರಡಿನಲ್ಲಿ ಮೂರಕ್ಕೂ ‘ಧೂಳು’ ಅಂತಲೇ ಬಿದ್ದಿದೆ. ‘ಡ್ರೈವ್‌ಟ್ರೇನ್’ ಅಂದರೆ ‘ಚಾಲನಾ ವ್ಯವಸ್ಥೆ’, ‘ಚೈನ್‌ಕೇಸ್’ ಅಂದರೆ ‘ಸರಪಳಿ ಪೆಟ್ಟಿಗೆ’. ಇದನ್ನು ಯಾವ ಸೈಕಲ್ ಅಂಗಡಿಯಲ್ಲಿ ಹೇಳಿದರೂ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಬಳಕೆಯಲ್ಲಿ ಏನಿದೆ? ಧೂಳು ಅಂದರೆ ಸಾಲದೇ?

ಉತ್ತರ (ಬಳ್ಳಾರಿಯಿಂದ)

ಸಾಲದು ಸರ್. ಒಂದೊಂದಕ್ಕೂ ಮಾಡಬೇಕಾದ ಉಪಚಾರವೇ ಬೇರೆ. ಒಣಗಿದ್ದು, ಅರಿವೆಯಿಂದ ಝಾಡಿಸಿದರೆ ಹೋಗುವಂಥದ್ದು ಧೂಳು. ಎರಡು ಬೆರಳಿನ ನಡುವೆ ತಿಕ್ಕಿದಾಗ ಕರಕರ ಅನ್ನುವುದು ಉಸುಕು. ‘ಗ್ರಿಟ್’ಗೆ ಇದನ್ನೇ ಇಡಿ. ‘ಹರಳು’ ಬೇಡ, ಹರಳೆಂದರೆ ಅಕ್ಕಿ ಆರಿಸುವಾಗ ಸಿಗುವಷ್ಟು ದಪ್ಪದ್ದು, ಅದು ಚೈನಿನ ಸಂದಿಗೆ ಹೋಗುವುದೇ ಇಲ್ಲ. ಇನ್ನು ಧೂಳು, ಉಸುಕು, ಹಳೇ ಎಣ್ಣೆ, ಸವೆದ ಕಬ್ಬಿಣದ ಪುಡಿ ಎಲ್ಲ ಕೂಡಿ ಹಲ್ಲುಚಕ್ರದ ಹಲ್ಲಿನ ಬುಡದಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದಲ್ಲ, ಆ ‘ಗ್ರೈಮ್’ಗೆ ಜಿಡ್ಡುಮಸಿ. ಪ್ಯಾಂಟಿನ ಅಂಚಿಗೆ ಹತ್ತುವುದು ಇದೇ.

ಈ ಭೇದ ಯಾಕೆ ಬೇಕೆಂಬುದು ಒಂದು ಕೊಂಡಿ ನೋಡಿದರೆ ತಿಳಿಯುತ್ತದೆ. ಆಚೀಚೆ ಪಟ್ಟಿ, ನಡುವೆ ಪಿನ್ನು, ಪಿನ್ನಿನ ಮೇಲೆ ಬುಶ್ ಎಂಬ ಸಣ್ಣ ಕೊಳವೆ, ಬುಶ್ಶಿನ ಮೇಲೆ ತಿರುಗುವ ರೋಲರು. ಎಣ್ಣೆ ಬೇಕಾದದ್ದು ಪಿನ್ನು–ಬುಶ್ಶಿನ ನಡುವೆ. ಹೊರಮೈಗೆ ತೆಳ್ಳಗೆ ಪಸೆ ಇದ್ದರೆ ಸಾಕು. ಉಸುಕು ಕೂತ ಚೈನನ್ನು ಒರೆಸದೆ ಎಣ್ಣೆ ಸುರಿದರೆ ಉಸುಕೂ ಎಣ್ಣೆಯ ಜತೆ ಒಳಗಿಳಿದು, ಗ್ಯಾರೇಜಿನಲ್ಲಿ ವಾಲ್ವ್ ಅರೆಯುವ ಪೇಸ್ಟಿನ ಹಾಗೆ ಪಿನ್ನನ್ನು ಅರೆಯುತ್ತದೆ. ಸಂಡೂರು ಕಡೆಯ ಕೆಂಪು ಧೂಳು ಮುಟ್ಟಲಿಕ್ಕೆ ನುಣ್ಣಗಿದೆ ಅಂತ ಅಸಡ್ಡೆ ಮಾಡುವಂತಿಲ್ಲ. ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಅದೇ ಐರನ್ ಆಕ್ಸೈಡಿನ ಪುಡಿಯಿಂದ ಚಿನ್ನಕ್ಕೆ, ಗಾಜಿಗೆ ಪಾಲಿಶ್ ಹೊಡೆಯುತ್ತಾರೆ.

ಆದ್ದರಿಂದ ಕೈಪಿಡಿಯಲ್ಲಿ ಹೀಗೆ ಬರಲಿ: ಧೂಳಿದ್ದರೆ ಒಣ ಬ್ರಶ್ಶು, ಒಣ ಅರಿವೆ. ಉಸುಕು, ಮಸಿ ಇದ್ದರೆ ಚೈನು ಬಿಚ್ಚಿ ಚಿಮಣಿ ಎಣ್ಣೆಯಲ್ಲೋ (ಸೀಮೆಎಣ್ಣೆ) ಡೀಸೆಲ್‌ನಲ್ಲೋ ಅದ್ದಿ ಅಲ್ಲಾಡಿಸಿ, ಬ್ರಶ್ಶಿನಿಂದ ತಿಕ್ಕಿ, ಪೂರ್ತಿ ಒಣಗಿದ ಮೇಲೆ ರೋಲರಿಗೊಂದು ಹನಿ ಎಣ್ಣೆ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಕೆಳಸಾಲಿನ ಒಳಮಗ್ಗುಲಿಗೆ ಬಿಟ್ಟರೆ ಸರಿಯಾಗಿ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆ ಒರೆಸಿಬಿಡಬೇಕು. ಈ ಒರೆಸುವುದನ್ನೇ ಎಲ್ಲರೂ ಬಿಡುತ್ತಾರೆ. ಗ್ರೀಸು ಹಚ್ಚಬೇಡಿ, ಅದು ಒಳಗೆ ಹೋಗದೆ ಹೊರಗೇ ಕೂತು ಉಸುಕು ಹಿಡಿಯುತ್ತದೆ. ಬೈಕಿನಿಂದ ತೆಗೆದ ಕರೀ ಆಯಿಲ್ ಇನ್ನೂ ಕೆಟ್ಟದ್ದು, ಅದರಲ್ಲೇ ಮಸಿ, ಲೋಹದ ಪುಡಿ ಇರುತ್ತವೆ.

‘ಚೈನು ಹಿಗ್ಗಿದೆ’ ಎಂದು ಬರೆದಿದ್ದರೆ ‘ಸವೆದಿದೆ’ ಎಂದು ತಿದ್ದಿ. ಪಟ್ಟಿ ಹಿಗ್ಗುವುದಿಲ್ಲ, ಪಿನ್ನು ಬುಶ್ಶು ಸವೆದು ಚೈನು ಉದ್ದ ಬರುತ್ತದೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚೈನು ಬಿಗಿ ಹಿಡಿದು ಒಂದು ಪಿನ್ನಿಗೆ ಅಳತೆಪಟ್ಟಿಯ ಸೊನ್ನೆ ಇಟ್ಟರೆ, ಅದನ್ನೂ ಸೇರಿಸಿ ಎಣಿಸಿದ 25ನೆಯ ಪಿನ್ನು 12 ಇಂಚಿಗೆ ಬರಬೇಕು. 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಿಸಿ. 1/8 ಹೋಗಿದ್ದರೆ ಫ್ರೀ ವ್ಹೀಲಿನ (ಹಿಂದಿನ ಗಾಲಿಯ ಹಲ್ಲುಚಕ್ರದ) ಹಲ್ಲೂ ಸವೆದಿರುತ್ತದೆ, ಹೊಸ ಚೈನು ಹಾಕಿದರೂ ಜೋರಾಗಿ ತುಳಿದಾಗ ಚೈನು ಹಲ್ಲಿನಿಂದ ಹಲ್ಲಿಗೆ ಹಾರುತ್ತದೆ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತು ಹೋಗುವಷ್ಟರಲ್ಲಿ ಹಿಂದಿನದು ಸುಮಾರು ಎರಡೂವರೆ ಸುತ್ತು ಹೋಗಿರುತ್ತದೆ, ಮೊದಲು ಸವೆಯುವುದು ಅದೇ.

‘ಡ್ರೈವ್‌ಟ್ರೇನ್’ಗೆ ಒಂದೇ ಪದ ಹುಡುಕಬೇಡಿ, ಚೈನು, ಚೈನ್ ವ್ಹೀಲು (ಪೆಡಲಿನ ಬಳಿಯ ಹಲ್ಲುಚಕ್ರ), ಫ್ರೀ ವ್ಹೀಲು ಅಂತ ಬಿಡಿಸಿ ಬರೆಯಿರಿ. ‘ಚೈನ್‌ಕೇಸ್’ಗೆ ಚೈನ್ ಕವರ್. ಆದರೆ ಹಾಫ್ ಕವರೋ ಫುಲ್ ಕವರೋ ಹೇಳಲೇಬೇಕು. ಹಾಫ್ ಕವರು ಕಾಯುವುದು ಬಟ್ಟೆಯನ್ನು, ಚೈನನ್ನಲ್ಲ. ರಸ್ತೆಯಿಂದ ಸಿಡಿಯುವುದಕ್ಕೆ ಕೆಳಗೆ ಬಾಗಿಲು ತೆರೆದೇ ಇರುತ್ತದೆ.

ಇನ್ನೊಂದು ಉತ್ತರ (ಸಿಂಧನೂರಿನಿಂದ)

ಬಳ್ಳಾರಿಯವರು ರಾಡಿ ಬಿಟ್ಟರಲ್ಲ! ನಮ್ಮ ಎರೆ ಹೊಲದ ದಾರಿಯಲ್ಲಿ ಮಳೆಗಾಲದ ಪಾಡೇ ಅದು. ‘ಕೆಸರು’ ಅಂದರೂ ತಿಳಿಯುತ್ತದೆ, ರಾಯಚೂರು ಕಡೆ ಆಡುವುದು ರಾಡಿ. ಎರೆಮಣ್ಣು ಪಟ್ಟಿ–ರೋಲರಿನ ನಡುವೆ ತುಂಬಿ ಒಣಗಿದರೆ ಕೊಂಡಿ ಮಡಚುವುದಿಲ್ಲ. ಹಸಿ ಇದ್ದಾಗಲೇ ಮಗ್ಗಿನಿಂದ ನೀರು ಹಾಕಿ ತೊಳೆಯಬೇಕು, ಒರೆಸಿ ಬಿಸಿಲಿಗಿಟ್ಟು ಅಂದೇ ಎಣ್ಣೆ ಬಿಡಬೇಕು. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಜಂಗು (ತುಕ್ಕು). ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಮಾತ್ರ ಹೊಡೆಸಬೇಡಿ, ಫ್ರೀ ವ್ಹೀಲಿಗೂ ಪೆಡಲಿನ ನಡುವಿನ ಬೇರಿಂಗಿಗೂ ನೀರು ಹೊಗುತ್ತದೆ.

ಚೈನ್ ವ್ಹೀಲಿಗೆ ರಾಡಿ ಎರಚುವುದು ಬಹುಪಾಲು ಮುಂದಿನ ಗಾಲಿ. ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೇ ಟಯರಿನ ತುಂಡೊಂದನ್ನು ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ ಬೋಲ್ಟ್ ಹಾಕಿ ಇಳಿಬಿಟ್ಟರೆ ಅರ್ಧ ಕೆಲಸ ಕಡಿಮೆ.

ಚೈನು ಬಿಚ್ಚಿ ಅಂದಮೇಲೆ ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಕೂಡಿಸುವ ಕ್ಲಿಪ್ಪಿನ ಕೊಂಡಿ, ಹಾಕುವುದನ್ನೂ ಹೇಳಬೇಕು. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಅಂದರೆ ಮೇಲಿನ ಸಾಲಿನಲ್ಲಿದ್ದಾಗ ಮುಂದಿನ ಗಾಲಿಯ ಕಡೆಗೆ ಇರಲಿ. ತಿರುಗುಮುರುಗಾದರೆ ಕವರಿಗೆ ತಗುಲಿದಾಗ ಕ್ಲಿಪ್ಪು ಕಳಚಿ ಬೀಳುತ್ತದೆ. ಕೊನೆಗೆ ಚೈನಿನ ನಡುಭಾಗ ಮೇಲೆ ಕೆಳಗೆ ಅರ್ಧ ಇಂಚಿನಷ್ಟು ಆಡುವಂತೆ ಹಿಂದಿನ ಗಾಲಿಯ ನಟ್ಟು ಬಿಗಿಯಿರಿ. ಇದಕ್ಕೆ ಮಾತಿಗಿಂತ ಚಿತ್ರವೇ ವಾಸಿ.